ಫೋರ್ ಕೌಂಟೀಸ್ ರಿಂಗ್: ರಾತ್ರಿ ದೋಣಿ ಎಲ್ಲಿ ಕಟ್ಟೋದು, ಹೇಗೆ ಕಟ್ಟೋದು?

ಹೊಸಪಯಣಿಗ
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಇಂಗ್ಲೆಂಡಿನ ಫೋರ್ ಕೌಂಟೀಸ್ ರಿಂಗ್, ಅಂದರೆ ಕಾಲುವೆಗಳು ಸೇರಿ ಆಗುವ ಒಂದು ಸುತ್ತುದಾರಿ, ಸುತ್ತಲು 57 ಅಡಿಯ ನ್ಯಾರೋಬೋಟ್ (ಕಾಲುವೆಯ ಕಿರಿದಾದ ಉದ್ದನೆಯ ದೋಣಿ) ಬಾಡಿಗೆಗೆ ಗೊತ್ತು ಮಾಡಿದ್ದೇವೆ. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು, ಏಳು ರಾತ್ರಿ. ಗ್ರೇಟ್ ಹೇವುಡ್‌ನಿಂದ ಹೊರಟು ಪ್ರದಕ್ಷಿಣೆ ದಿಕ್ಕಿನಲ್ಲಿ ಹೋಗುವ ಯೋಚನೆ. ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟುಗಳ ತೊಟ್ಟಿ) ದಾಟುವುದನ್ನು ಬೋಟ್‌ಯಾರ್ಡಿನವರೇ ತೋರಿಸ್ತಾರಂತೆ. ರಾತ್ರಿ ತಂಗುವ ವಿಷಯದಲ್ಲಿ ಮಾತ್ರ ಏನೂ ಗೊತ್ತಾಗ್ತಿಲ್ಲ. ಜಾಗ ಮೊದಲೇ ಬುಕ್ ಮಾಡಬೇಕಾ? ದುಡ್ಡು ಕೊಡಬೇಕಾ? ದಡ ಕಂಡಲ್ಲಿ ಕಟ್ಟಬಹುದಾ? ಮಕ್ಕಳಿರೋದರಿಂದ ಸುರಕ್ಷಿತವಾಗಿರಬೇಕು, ನಿದ್ದೆಯೂ ಬರಬೇಕು.

ಕಾಲುವೆಮಿತ್ರ
ಬುಕಿಂಗ್ ಬೇಕಿಲ್ಲ, ನಿಮ್ಮ ದಾರಿಯಲ್ಲಿ ಬಹುತೇಕ ಎಲ್ಲ ಕಡೆ ದುಡ್ಡೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೆಚ್ಚಿನ ಕಾಲುವೆಗಳು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಕೈಯಲ್ಲಿವೆ. ಟೋಪಾತ್, ಅಂದರೆ ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ, ಯಾವ ದಡದಲ್ಲಿದೆಯೋ ಆ ದಡದಲ್ಲಿ ಬೇರೆ ಫಲಕ ಇಲ್ಲದಿದ್ದರೆ 14 ದಿನದವರೆಗೆ ಕಟ್ಟಬಹುದು. ಎದುರು ದಡ ಸಾಮಾನ್ಯವಾಗಿ ಖಾಸಗಿ ಜಮೀನು. ಅಲ್ಲಿ ಎಷ್ಟೇ ಚೆಂದದ ಹುಲ್ಲುಹಾಸು ಕಂಡರೂ ಕಟ್ಟುವ ಹಾಗಿಲ್ಲ.

ಊರುಗಳ ಹತ್ತಿರ "ವಿಸಿಟರ್ ಮೂರಿಂಗ್" ಫಲಕಗಳಿರುತ್ತವೆ. 24 ಗಂಟೆ, 48 ಗಂಟೆ, 7 ದಿನ ಹೀಗೆ ಮಿತಿ ಬರೆದಿರುತ್ತಾರೆ. ಬೇಸಿಗೆಗೂ ಚಳಿಗಾಲಕ್ಕೂ ಬೇರೆ ಬೇರೆ ಮಿತಿ ಇರುವ ಕಡೆ ಎರಡೂ ಸಾಲು ಓದಿ. ಒಂದು ರಾತ್ರಿ ತಂಗುವವರಿಗೆ 24 ಗಂಟೆಯೇ ಸಾಕು. "ಪರ್ಮಿಟ್ ಹೋಲ್ಡರ್ಸ್ ಓನ್ಲಿ" ಅಂತ ಇದ್ದರೆ ಅದು ತಿಂಗಳುಗಟ್ಟಲೆ ಬಾಡಿಗೆ ಕೊಟ್ಟವರ ಜಾಗ. ಖಾಲಿ ಕಂಡರೂ ಮಾಲೀಕರು ರಾತ್ರಿ ಹತ್ತಕ್ಕೆ ಬಂದು ಎಬ್ಬಿಸಬಹುದು.

ಲಾಕ್‌ಕೀಲಿ
ಜಾಗದ ಮಾತಿಗೆ ಮೊದಲು ಸಮಯದ ಲೆಕ್ಕ ನೋಡಿ. ರಿಂಗ್ ಸುತ್ತಳತೆ 110 ಮೈಲಿ, 94 ಲಾಕ್. ಗಂಟೆಗೆ 3 ಮೈಲಿ, ಒಂದು ಲಾಕ್‌ಗೆ ಕಾಲು ಗಂಟೆ ಹಿಡಿದರೆ ಒಟ್ಟು 60 ಗಂಟೆ. ಮೊದಲ ದಿನ ದೋಣಿ ಕೈಗೆ ಸಿಗುವುದೇ ಮಧ್ಯಾಹ್ನದ ಮೇಲೆ, ಕೊನೆಯ ದಿನ ಬೆಳಗ್ಗೆಯೇ ಒಪ್ಪಿಸಬೇಕು. ಉಳಿದ ಆರು ದಿನಕ್ಕೆ ದಿನಾ ಒಂಬತ್ತು ಗಂಟೆಗೂ ಮೀರಿ ಚಲಿಸಬೇಕಾಗುತ್ತದೆ. ನೀರು ತುಂಬಿಸುವುದು, ಲಾಕ್ ಮುಂದೆ ಸರದಿ ಕಾಯುವುದು, ಊಟ, ಇವೆಲ್ಲ ಆ ಲೆಕ್ಕದ ಹೊರಗೆ. ಸಂಜೆ ಏಳಕ್ಕೆ ಊರು ಮುಟ್ಟುತ್ತೀರಿ. ಅಷ್ಟರಲ್ಲಿ ಒಳ್ಳೆಯ ಜಾಗಗಳೆಲ್ಲ ತುಂಬಿರುತ್ತವೆ.

ಜುಲೈನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಬೆಳಕಿದೆ ಅಂತ ಮುಂದೆ ಹೋಗುತ್ತಲೇ ಇರಬೇಡಿ. ಹೆಸರಿರುವ ಜಾಗಕ್ಕೆ ಮೂರು–ನಾಲ್ಕು ಗಂಟೆಯೊಳಗೆ ತಲುಪಬೇಕು, ಶುಕ್ರವಾರ ಶನಿವಾರ ಇನ್ನೂ ಮುಂಚೆ. ಬಾಡಿಗೆ ದೋಣಿಯನ್ನು ಕತ್ತಲಾದ ಮೇಲೆ ಓಡಿಸಲು ಬಿಡುವುದಿಲ್ಲ. ಹಾಗಾಗಿ ಎಂಟು ಗಂಟೆಗೂ ಜಾಗ ಸಿಗದಿದ್ದರೆ ಸಿಕ್ಕಲ್ಲಿ ಕಟ್ಟಬೇಕಾಗುತ್ತದೆ. ಕೆಟ್ಟ ರಾತ್ರಿಗಳು ಶುರುವಾಗುವುದು ಹಾಗೆಯೇ.

ಮಧ್ಯಾಹ್ನದ ಊಟದ ಹೊತ್ತಿಗೆ ನಕ್ಷೆ ಬಿಡಿಸಿ ಮೂರು ಜಾಗ ಗುರುತು ಹಾಕಿಕೊಳ್ಳಿ: ತಲುಪಬೇಕೆಂದಿರುವುದು ಒಂದು, ಅದಕ್ಕಿಂತ ಒಂದು ಗಂಟೆ ಹಿಂದಿನದು ಒಂದು, ಒಂದು ಗಂಟೆ ಮುಂದಿನದು ಒಂದು. ಹಿಂದಿನದರಲ್ಲಿ ಒಳ್ಳೆಯ ಜಾಗ ಖಾಲಿ ಕಂಡರೆ ಅಲ್ಲೇ ನಿಲ್ಲಿ. ದೋಣಿ ದಾಟಿ ಹೋದ ಮೇಲೆ ತಿರುಗಿಸುವುದು ಸುಲಭವಲ್ಲ. 57 ಅಡಿ ತಿರುಗಬೇಕಾದರೆ ವೈಂಡಿಂಗ್ ಹೋಲ್, ಅಂದರೆ ದೋಣಿ ತಿರುಗಿಸಲೆಂದೇ ಕಾಲುವೆ ಅಗಲ ಮಾಡಿದ ಜಾಗ ಬೇಕು, ಅದು ಮೈಲಿಗಟ್ಟಲೆ ದೂರ ಇರಬಹುದು.

ನಿಧಾನಪಯಣ
ಎಲ್ಲಿ ಕಟ್ಟಬಾರದು ಅನ್ನುವುದು ಇಲ್ಲಿದೆ, ಕಾರಣ ಸಮೇತ.

ಲಾಕ್‌ನ ಹಿಂದೆ ಮುಂದೆ ಕಂಬಗಳಿರುವ ಕಟ್ಟೆ ಲಾಕ್ ದಾಟುವವರು ಇಳಿದು ಹತ್ತಲು ಮೀಸಲು. ನೀರಿನ ನಲ್ಲಿಯ ಮುಂದೆ ತುಂಬಿಸುವಷ್ಟು ಹೊತ್ತು ಮಾತ್ರ. ವೈಂಡಿಂಗ್ ಹೋಲ್‌ನಲ್ಲಿ ಕಟ್ಟಿದರೆ 70 ಅಡಿಯ ದೋಣಿ ತಿರುಗುವಾಗ ಅದರ ಮೂತಿ ನಿಮ್ಮ ಕಿಟಕಿಗೇ ಬರುತ್ತದೆ. ಕುರುಡು ತಿರುವು, ಸೇತುವೆಯ ಬಾಯಿ, ಎರಡು ಕಾಲುವೆ ಕೂಡುವ ಜಾಗ, ಇವೆಲ್ಲ ಬೇಡ.

ಇದಕ್ಕಿಂತ ಮುಖ್ಯವಾದದ್ದು, ಹತ್ತಿರ ಹತ್ತಿರ ಇರುವ ಎರಡು ಲಾಕ್‌ಗಳ ನಡುವಿನ ಗಿಡ್ಡ ಪೌಂಡ್ (ಎರಡು ಲಾಕ್ ನಡುವಿನ ಕಾಲುವೆಯ ತುಂಡಿಗೆ ಪೌಂಡ್ ಅನ್ನುತ್ತಾರೆ). ಅಲ್ಲಿ ನೀರಿನ ಪ್ರಮಾಣವೇ ಕಡಿಮೆ. ಕೆಳಗಿನ ಲಾಕ್‌ನ ಗೇಟ್ ಸೋರುತ್ತಿದ್ದರೆ, ಯಾರಾದರೂ ಪ್ಯಾಡಲ್ (ಲಾಕ್‌ಗೆ ನೀರು ಬಿಡುವ ತೂಬಿನ ಬಾಗಿಲು) ಪೂರ್ತಿ ಇಳಿಸದೆ ಹೋಗಿದ್ದರೆ, ಬೆಳಗಾಗುವಷ್ಟರಲ್ಲಿ ಪೌಂಡ್ ಖಾಲಿ. ದೋಣಿ ತಳ ಮುಟ್ಟಿ ಕೂತರೆ ಪರವಾಗಿಲ್ಲ, ನೀರು ಬಂದಾಗ ತೇಲುತ್ತದೆ. ಅಪಾಯ ಇರುವುದು ಒಂದು ಬದಿ ದಡದ ಮೆಟ್ಟಿಲ ಮೇಲೆ ಸಿಕ್ಕಿಕೊಂಡು ಇನ್ನೊಂದು ಬದಿ ಇಳಿದಾಗ. ಹಗ್ಗ ಬಿಗಿಯಾಗಿ ಕಟ್ಟಿದ್ದರೆ ದೋಣಿ ಅದಕ್ಕೆ ನೇತುಬಿದ್ದು ವಾಲುತ್ತದೆ. ಸಿಂಕು, ಸ್ನಾನದ ನೀರು ಹೊರಹೋಗುವ ತೂತುಗಳು ನೀರಿನ ಮಟ್ಟಕ್ಕೆ ಬಂದುಬಿಟ್ಟರೆ ಅಲ್ಲಿಂದಲೇ ನೀರು ಒಳಗೆ ಬರುತ್ತದೆ.

ರಾತ್ರಿ ನೆಲ ವಾಲಿದ ಹಾಗೆ ಅನಿಸಿದರೆ ಮೊದಲು ಎಲ್ಲರನ್ನೂ ದಡಕ್ಕೆ ಇಳಿಸಿ. ಆಮೇಲೆ ಹಗ್ಗ ಸಡಿಲಿಸಿ. ಟಾರ್ಚ್ ಹಿಡಿದು ಕೆಳಗಿನ ಲಾಕ್‌ಗೆ ಹೋಗಿ ಪ್ಯಾಡಲ್ ಇಳಿದಿದೆಯಾ, ಗೇಟ್ ಮುಚ್ಚಿದೆಯಾ ನೋಡಿ. ಮೇಲಿನ ಪೌಂಡ್‌ನಿಂದ ನೀರು ಬಿಟ್ಟು ತುಂಬಿಸಲು ನೀವಾಗಿ ಹೊರಡಬೇಡಿ, ಅಲ್ಲಿ ಮಲಗಿರುವವರ ದೋಣಿ ತಳ ಮುಟ್ಟುತ್ತದೆ. ಟ್ರಸ್ಟ್‌ನ ತುರ್ತು ಸಂಖ್ಯೆಗೂ ಬೋಟ್‌ಯಾರ್ಡಿಗೂ ಫೋನ್ ಮಾಡಿ.

ಹೊಸಪಯಣಿಗ
ಇದು ಗೊತ್ತೇ ಇರಲಿಲ್ಲ. ಹಗ್ಗ ಬಿಗಿ ಇದ್ದರೆ ಒಳ್ಳೇದು ಅಂತಲೇ ಅಂದುಕೊಂಡಿದ್ದೆ. ಹಾಗಾದರೆ ಎಷ್ಟು ಸಡಿಲ ಬಿಡಬೇಕು? ಗೂಟ ಹೊಡೆಯೋದು ಹೇಗೆ?

ಗೂಟಸುತ್ತಿಗೆ
ಮೊದಲು ದಡ ಗುರುತಿಸಿ. ಮೂರು ಬಗೆ ಸಿಗುತ್ತದೆ.

ಹಗ್ಗ ಹಾಕುವ ರಿಂಗ್ ಅಥವಾ ಕಂಬ ಇರುವ ಕಾಂಕ್ರೀಟ್ ಕಟ್ಟೆ ಎಲ್ಲಕ್ಕಿಂತ ಸಲೀಸು. ಹಗ್ಗದ ತುದಿಯನ್ನು ರಿಂಗ್ ಒಳಗೆ ತೂರಿಸಿ ದೋಣಿಗೇ ವಾಪಸ್ ತಂದು ಅದರ ಮೇಲಿನ ಸ್ಟಡ್‌ಗೆ (ಹಗ್ಗ ಕಟ್ಟುವ ಗಿಡ್ಡ ಗೂಟ) ಕಟ್ಟಿ. ಗಂಟು ದೋಣಿಯ ಮೇಲೆ ಇದ್ದರೆ ದಾರಿಹೋಕರು ಬಿಚ್ಚುವುದು ಕಷ್ಟ, ಬೆಳಗ್ಗೆ ನೀವು ಬಿಚ್ಚುವುದೂ ಸುಲಭ.

ಎರಡನೆಯದು ಅಲೆಅಲೆಯಾದ ಉಕ್ಕಿನ ತಗಡಿನ ಪೈಲಿಂಗ್, ಅಂದರೆ ದಡ ಕುಸಿಯದಂತೆ ನೆಟ್ಟ ತಡೆ. ಅದರ ಮೇಲಂಚಿನ ಹಿಂದೆ ಅಡ್ಡ ಪಟ್ಟಿ ಇರುತ್ತದೆ. ಪಟ್ಟಿಗೂ ತಗಡಿಗೂ ನಡುವಿನ ಸಂದಿಯಲ್ಲಿ ಪೈಲಿಂಗ್ ಕೊಕ್ಕೆ ಇಳಿಸಿದರೆ ಸುತ್ತಿಗೆಯೇ ಬೇಡ. ಸಂದಿಯಲ್ಲಿ ಮಣ್ಣು ತುಂಬಿದ್ದರೆ ಕೊಕ್ಕೆ ಪೂರ್ತಿ ಕೂರುವುದಿಲ್ಲ, ಎಳೆದು ನೋಡಿ. ಎರಡು ತುದಿಗೂ ಬಳೆ ಇರುವ ಸರಪಳಿ ಇನ್ನೂ ಉತ್ತಮ: ಒಂದು ಬಳೆಯನ್ನು ಪಟ್ಟಿಯ ಹಿಂದಿನಿಂದ ಇಳಿಸಿ, ಕೆಳಗಿನಿಂದ ಮೇಲೆ ತಂದು, ಇನ್ನೊಂದು ಬಳೆಯೊಳಗೆ ತೂರಿಸಿ ಹಗ್ಗ ಹಾಕಿ. ದೋಣಿ ಕುಲುಕಿದಾಗ ಕೊಕ್ಕೆ ಎಗರಬಹುದು, ಸರಪಳಿ ಎಗರುವುದಿಲ್ಲ. ಬಾಡಿಗೆ ದೋಣಿಯಲ್ಲಿ ಗೂಟ, ಸುತ್ತಿಗೆ ಖಂಡಿತ ಇರುತ್ತವೆ. ಕೊಕ್ಕೆ ಇದೆಯಾ ಅಂತ ಹೊರಡುವ ಮೊದಲೇ ಕೇಳಿ, ಕಡಿಮೆಯೆಂದರೆ ಎರಡು ಬೇಕು.

ಮೂರನೆಯದು ಬರೀ ಮಣ್ಣಿನ ದಡ. ಗೂಟವನ್ನು ದೋಣಿಯಿಂದ ಆಚೆಗೆ ಸ್ವಲ್ಪ ವಾಲಿಸಿ, ಮುಕ್ಕಾಲು ಭಾಗ ನೆಲದೊಳಗೆ ಹೋಗುವ ತನಕ ಹೊಡೆಯಿರಿ. ಹಗ್ಗ ಗೂಟದ ಬುಡಕ್ಕೆ, ನೆಲಕ್ಕೆ ತಾಗಿದಂತೆ ಇರಬೇಕು. ಮೇಲೆ ಕಟ್ಟಿದರೆ ಹಗ್ಗವೇ ಗೂಟವನ್ನು ಮೀಟಿ ಕೀಳುತ್ತದೆ. ಮೆದು ಮಣ್ಣಾದರೆ ಒಂದೇ ಹಗ್ಗಕ್ಕೆ ಎರಡು ಗೂಟ, ಒಂದಕ್ಕೊಂದು ಅಡ್ಡವಾಗಿ. ಕೆಲವು ಕಡೆ ಟೋಪಾತ್ ಅಡಿಯಲ್ಲಿ ಕೇಬಲ್ ಹಾದುಹೋಗಿರುತ್ತದೆ, ಆದ್ದರಿಂದ ನೀರಿನ ಅಂಚಿನ ಹುಲ್ಲಿನಲ್ಲೇ ಹೊಡೆಯಿರಿ. ಗೂಟದ ತಲೆಗೆ ಬಿಳಿ ಪ್ಲಾಸ್ಟಿಕ್ ಚೀಲವೋ ಹಳೆ ಟೆನಿಸ್ ಚೆಂಡೋ ಸಿಕ್ಕಿಸಿ. ಮುಸ್ಸಂಜೆಯಲ್ಲಿ ಸೈಕಲ್‌ನವರು ಎಡವಬಾರದು.

ಇನ್ನು ಹಗ್ಗದ ಕೋನ. ಮುಂದಿನ ಹಗ್ಗ ಮೂತಿಯಿಂದ ಇನ್ನೂ ಮುಂದಕ್ಕೆ, ಹಿಂದಿನದು ಇನ್ನೂ ಹಿಂದಕ್ಕೆ, ಎರಡೂ ದಡಕ್ಕೆ ಸುಮಾರು 45 ಡಿಗ್ರಿ. ನೇರ ಅಡ್ಡಲಾಗಿ ಕಟ್ಟಿದರೆ ಪಕ್ಕದಲ್ಲಿ ದೋಣಿ ಹಾದುಹೋದಾಗಲೆಲ್ಲ ನಿಮ್ಮದು ಹಿಂದೆ ಮುಂದೆ ಜೋಲಿ ಹೊಡೆಯುತ್ತದೆ. ಹಾದುಹೋಗುವ ದೋಣಿ ನೀರನ್ನು ತನ್ನ ಕಡೆಗೆ ಎಳೆಯುತ್ತದೆ: ನಿಮ್ಮ ದೋಣಿ ಮೊದಲು ಅದು ಬರುತ್ತಿರುವ ದಿಕ್ಕಿಗೆ, ಆಮೇಲೆ ಅದು ಹೋದ ದಿಕ್ಕಿಗೆ ಜಗ್ಗುತ್ತದೆ. ಹದಿನೈದು ಟನ್ ತೂಕ ಹೀಗೆ ಎರಡು ಕಡೆ ಜಗ್ಗಿದರೆ ಗೂಟ ಅಲುಗಾಡಿ ಸಡಿಲವಾಗುತ್ತದೆ. ದೋಣಿ ಸಂಚಾರ ಜಾಸ್ತಿ ಇರುವ ಕಡೆ ಇನ್ನೊಂದು ಹಗ್ಗವನ್ನು ಎದುರು ದಿಕ್ಕಿಗೆ ಸ್ಪ್ರಿಂಗ್ ಆಗಿ ಹಾಕಿ. ಅಂದರೆ ಹಿಂಭಾಗದಿಂದ ದೋಣಿಯ ನಡುಭಾಗದ ಕಡೆಗೆ ಮುಂದಕ್ಕೆ.

ಸಡಿಲ ಎಷ್ಟು ಅಂದಿರಿ. ಕಾಲುವೆಯಲ್ಲಿ ಅಂಗೈ ಅಗಲದಷ್ಟು ದೋಣಿ ದಡದಿಂದ ಸರಿಯುವ ಹಾಗೆ ಬಿಟ್ಟರೆ ಸಾಕು. ಅದಕ್ಕಿಂತ ಸಡಿಲವಾದರೆ ದಡಕ್ಕೆ ಗುದ್ದುತ್ತದೆ.

ಮಾಡಿನ ಮೇಲಿಂದ ಬರುವ ನಡುಹಗ್ಗ ದೋಣಿಯನ್ನು ದಡಕ್ಕೆ ತರಲು, ಐದು ನಿಮಿಷ ಹಿಡಿದುಕೊಳ್ಳಲು ಮಾತ್ರ. ಅದು ಎತ್ತರದಿಂದ ಎಳೆಯುವುದರಿಂದ ರಾತ್ರಿ ಅದನ್ನು ಬಿಗಿದು ಮಲಗಿದರೆ ಪ್ರತಿ ಅಲೆಗೂ ದೋಣಿ ವಾಲುತ್ತದೆ, ಗೂಟವನ್ನೂ ಮೇಲಕ್ಕೆ ಕೀಳುತ್ತದೆ.

ಕಾಲುವೆಮಿತ್ರ
ಗೂಟಸುತ್ತಿಗೆ ಅವರ ಮಾತಿಗೆ ಒಂದು ತಿದ್ದುಪಡಿ. ನಡುಹಗ್ಗವನ್ನು ರಾತ್ರಿ ಕೆಲವರು ಸಡಿಲವಾಗಿ ಬಿಟ್ಟು ಮೂರನೆಯ ಭದ್ರತೆಗೆ ಇಟ್ಟುಕೊಳ್ಳುತ್ತಾರೆ, ಬಿಗಿಯದಿದ್ದರೆ ಅದು ತಪ್ಪಲ್ಲ. ಯಾರಾದರೂ ಮುಂದಿನ ಹಗ್ಗ ಬಿಚ್ಚಿದರೂ ದೋಣಿ ಕಾಲುವೆಗೆ ಅಡ್ಡ ತಿರುಗುವುದಿಲ್ಲ.

ಗೂಟಸುತ್ತಿಗೆ
ಒಪ್ಪಿದೆ. ಆದರೆ ಬೆಳಗ್ಗೆ ಹೊರಡುವಾಗ ಆ ಹಗ್ಗವನ್ನು ಎಲ್ಲಕ್ಕಿಂತ ಮೊದಲು ಸುತ್ತಿ ಮಾಡಿನ ಮೇಲಿಡಬೇಕು. ನೀರಿಗೆ ಜಾರಿದರೆ ಪ್ರೊಪೆಲರ್‌ಗೆ ಸುತ್ತಿಕೊಳ್ಳುವುದು ಇದೇ ಹಗ್ಗ. ಅದರ ಉದ್ದ ಹಿಂಭಾಗದ ಪ್ರೊಪೆಲರ್ ಮುಟ್ಟದಷ್ಟು ಇದೆಯಾ ಅಂತ ಮೊದಲ ದಿನವೇ ನೋಡಿಕೊಳ್ಳಿ.

ನೀರದಾರಿ
ನಿಮ್ಮ ದಾರಿಗೇ ವಿಶೇಷವಾದದ್ದು ಒಂದಿದೆ. ಎರಡು ಕಾಲುವೆ ಕೂಡುವ ಆಥರ್ಲಿಯಿಂದ ಉತ್ತರಕ್ಕೆ ಶ್ರಾಪ್‌ಶೈರ್ ಯೂನಿಯನ್ ಕಾಲುವೆಯಲ್ಲಿ ನೀರಿನಡಿ ದಡದ ಉದ್ದಕ್ಕೂ ಒಂದು ಕಲ್ಲಿನ ಜಗಲಿ ಇದೆ. "ಶ್ರಾಪಿ ಶೆಲ್ಫ್" ಅಂತಲೇ ಅದಕ್ಕೆ ಹೆಸರು. ದಡದ ಹತ್ತಿರ ಬಂದ ಹಾಗೆ ದೋಣಿಯ ತಳ ಅದಕ್ಕೆ ಬಡಿದು ನಿಲ್ಲುತ್ತದೆ, ದಡಕ್ಕೂ ನಿಮಗೂ ಎರಡಡಿ ಅಂತರ ಉಳಿಯುತ್ತದೆ. ಹಗ್ಗ ಬಿಗಿದು ಒಳಗೆ ಎಳೆಯುವುದು ಪ್ರಯೋಜನವಿಲ್ಲ. ರಾತ್ರಿಯಿಡೀ ದೋಣಿ ಹಾದುಹೋದಾಗಲೆಲ್ಲ ಟಣ್ ಟಣ್ ಅಂತ ತಳ ಬಡಿಯುತ್ತದೆ, ಮಲಗಿದವರ ಕಿವಿಯಡಿಯಲ್ಲೇ.

ಇದಕ್ಕೆ ಪರಿಹಾರ ಎರಡು. ಒಂದು, ಚಕ್ರದ ಆಕಾರದ ದಪ್ಪ ಫೆಂಡರ್‌ಗಳನ್ನು (ಬಡಿತ ತಡೆಯುವ ಮೆತ್ತೆಗಳು) ದೋಣಿಗೂ ದಡಕ್ಕೂ ನಡುವೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಳಿಬಿಟ್ಟು ದೋಣಿಯನ್ನು ಶೆಲ್ಫ್‌ನಿಂದ ಆಚೆ ನಿಲ್ಲಿಸುವುದು. ತೆಳ್ಳಗಿನ ಉದ್ದನೆಯ ಫೆಂಡರ್ ಸಾಲದು. ಇನ್ನೊಂದು, ನನ್ನ ಪ್ರಕಾರ ಒಳ್ಳೆಯದು: ಶ್ರಾಪ್‌ಶೈರ್ ಯೂನಿಯನ್ ಕೆನಾಲ್ ಸೊಸೈಟಿಯವರು ಹಳ್ಳಿಗಾಡಿನಲ್ಲಿ ರಿಂಗ್ ಹಾಕಿ ಸಿದ್ಧ ಮಾಡಿರುವ ಜಾಗಗಳನ್ನು ಹುಡುಕಿ ಅಲ್ಲೇ ನಿಲ್ಲುವುದು. ದೋಣಿ ದಡಕ್ಕೆ ಸರಿಯಾಗಿ ಬರುತ್ತದೆ. ಸ್ವಯಂಸೇವಕರ ಕೆಲಸ ಅದು, ಜಾಗ ಕೊಳಕು ಮಾಡದೆ ಬಿಟ್ಟುಹೋಗಿ.

ಆಳ ಗೊತ್ತಿಲ್ಲದ ದಡಕ್ಕೆ ಯಾವಾಗಲೂ ಮೂತಿಯನ್ನು ಮೊದಲು ಒಯ್ಯಿರಿ, ನಿಧಾನವಾಗಿ. ಹಿಂಭಾಗ ಆಳದಲ್ಲೇ ಇರಲಿ, ಅಲ್ಲಿ ಪ್ರೊಪೆಲರ್ ಇದೆ. ಗಳದಿಂದ ತಳ ಮುಟ್ಟಿ ನೋಡಿ. ಎರಡೂವರೆ ಅಡಿ ನೀರು ಸಿಕ್ಕಿದರೆ ಕಟ್ಟಬಹುದು. ಮೂತಿ ಕೆಸರಿಗೆ ಕಚ್ಚಿಕೊಂಡರೆ ಎಂಜಿನ್ ಜೋರು ಮಾಡಬೇಡಿ. ಎಲ್ಲರೂ ಹಿಂದಕ್ಕೆ ಬಂದು ನಿಂತು ಮೂತಿ ಹಗುರ ಮಾಡಿ, ಮೆಲ್ಲಗೆ ರಿವರ್ಸ್ ಕೊಡಿ.

ಟರ್ಲಿ ಲಾಕ್‌ಗಳ ದಕ್ಷಿಣಕ್ಕೆ ವುಡ್‌ಸೀವ್ಸ್ ಕಟಿಂಗ್ ಬರುತ್ತದೆ. ಬಂಡೆ ಕಡಿದು ಮಾಡಿದ ಆಳವಾದ ಕಂದಕ, ಗಿಡಬಳ್ಳಿ ಇಳಿಬಿದ್ದು ಹಸಿರು ಗುಹೆಯ ಹಾಗೆ ಇರುತ್ತದೆ. ಎಷ್ಟೇ ಮನಸ್ಸು ಎಳೆದರೂ ಅಲ್ಲಿ ನಿಲ್ಲಿಸಬೇಡಿ. ಕಲ್ಲು, ಮರ ಬೀಳುವ ಜಾಗ, ಇಕ್ಕಟ್ಟು ಬೇರೆ.

ಮೌನತೀರ
ಸದ್ದಿನ ವಿಷಯ. ಕಾಲುವೆಯ ಗೈಡ್‌ನಲ್ಲಿ ಸೇತುವೆ, ಲಾಕ್, ಅಂಗಡಿ ಇರುತ್ತವೆ, ಪಕ್ಕದ ಹೆದ್ದಾರಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆಯೋ ಉಪಗ್ರಹ ಚಿತ್ರವೋ ಜೊತೆಗಿಟ್ಟುಕೊಳ್ಳಿ. ನಿಮ್ಮ ದಾರಿಯಲ್ಲಿ ಸ್ಟಾಫರ್ಡ್‌ಶೈರ್ ಅಂಡ್ ವೂಸ್ಟರ್‌ಶೈರ್ ಕಾಲುವೆಗೆ ಆಕ್ಟನ್ ಟ್ರಸ್ಸೆಲ್, ಪೆಂಕ್ರಿಜ್ ಆಸುಪಾಸಿನಲ್ಲಿ ಎಂ6 ಹೆದ್ದಾರಿ ಜೊತೆಗೇ ಬರುತ್ತದೆ. ಟ್ರೆಂಟ್ ಅಂಡ್ ಮರ್ಸಿ ಕಾಲುವೆಯಲ್ಲಿ ಹ್ಯಾಸಲ್ ಗ್ರೀನ್ ಹತ್ತಿರ ಅದೇ ಹೆದ್ದಾರಿ ತಲೆಯ ಮೇಲೆ ಹಾದುಹೋಗುತ್ತದೆ. ಹಗಲು ಎಂಜಿನ್ ಸದ್ದಿನಲ್ಲಿ ಇದು ಗೊತ್ತಾಗುವುದಿಲ್ಲ. ಕಟ್ಟುವ ಮೊದಲು ಎಂಜಿನ್ ನಿಲ್ಲಿಸಿ ಒಂದು ನಿಮಿಷ ಸುಮ್ಮನೆ ಕಿವಿಗೊಡಿ. ಹೆದ್ದಾರಿಗೂ ನಿಮಗೂ ನಡುವೆ ದಿಬ್ಬವೋ ಕಾಲುವೆಯ ಕಟಿಂಗೋ ಇದ್ದರೆ ಅರ್ಧ ಸದ್ದು ಅಲ್ಲೇ ನಿಲ್ಲುತ್ತದೆ.

ಲಾಕ್‌ನ ಬೈವಾಶ್, ಅಂದರೆ ಹೆಚ್ಚುವರಿ ನೀರು ಪಕ್ಕದಿಂದ ಧುಮುಕುವ ತೂಬು, ಸಂಜೆ ಕೇಳಲು ಹಿತ. ಆದರೆ ರಾತ್ರಿಯಿಡೀ ನಿಲ್ಲುವುದಿಲ್ಲ, ಅದರ ಸೆಳೆತ ದೋಣಿಯನ್ನೂ ತಳ್ಳುತ್ತಿರುತ್ತದೆ. ಟರ್ಲಿಯಲ್ಲಿ ಈ ಸೆಳೆತ ಜೋರು.

ಮರದಡಿ ನೆರಳು ಚೆಂದ ಅನಿಸುತ್ತದೆ. ಗಾಳಿ ಬಂದರೆ ಕೊಂಬೆ ಮಾಡನ್ನು ಕೆರೆಯುತ್ತದೆ, ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿ ಬೀಳುತ್ತದೆ. ಬೆಳಗಿನ ಜಾವ ಐದಕ್ಕೆ ಯಾರೋ ತಳ ತಟ್ಟುತ್ತಿದ್ದಾರೆ ಅನಿಸಿದರೆ ಹೆದರಬೇಡಿ, ಬಾತುಕೋಳಿಗಳು ದೋಣಿಗೆ ಹತ್ತಿದ ಪಾಚಿ ಕುಕ್ಕುವ ಸದ್ದು ಅದು.

ನಿಮ್ಮ ಕಡೆಯಿಂದಲೂ ಒಂದು ಶಿಸ್ತು ಬೇಕು: ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಕಟ್ಟಿದ ದೋಣಿಯ ಎಂಜಿನ್ ಓಡಿಸಬಾರದು. ಬಿಸಿನೀರು, ಬ್ಯಾಟರಿ ಚಾರ್ಜ್ ಅಷ್ಟರೊಳಗೆ ಮುಗಿಸಿ. ಪಕ್ಕದ ದೋಣಿಯ ಎಂಜಿನ್ ಓಡುತ್ತಿದ್ದರೆ ಆ ಕಡೆಯ ಕಿಟಕಿ ಮುಚ್ಚಿ. ಹೊಗೆಯ ಜೊತೆ ಕಾರ್ಬನ್ ಮೋನಾಕ್ಸೈಡ್ ಒಳಗೆ ಬರುತ್ತದೆ. ದೋಣಿಯ ಅಲಾರಂನ ಪರೀಕ್ಷಾ ಗುಂಡಿಯನ್ನು ಮೊದಲ ದಿನವೇ ಒತ್ತಿ ನೋಡಿ. ಆದರೆ ಮಾಡಿನ ಮೇಲಿನ, ಬಾಗಿಲಿನ ಗಾಳಿಕಿಂಡಿಗಳನ್ನು ಚಳಿ ಅಂತ ಎಂದೂ ಮುಚ್ಚಬೇಡಿ.

ಲಾಕ್‌ಕೀಲಿ
ಸುರಕ್ಷತೆ ಕೇಳಿದ್ದಿರಿ. ಹಳ್ಳಿಗಾಡಿನಲ್ಲಿ ಭಯಪಡುವಂಥದ್ದು ಏನಿಲ್ಲ. ದೊಡ್ಡ ಊರಿನೊಳಗೆ ನಿಲ್ಲಲೇಬೇಕಾದರೆ ಬೇರೆ ದೋಣಿಗಳು ಕಟ್ಟಿರುವಲ್ಲಿ, ಬೆಳಕಿರುವಲ್ಲಿ ನಿಲ್ಲಿ. ಒಂಟಿಯಾಗಿ ಸೇತುವೆಯಡಿ ಬೇಡ. ಬೆಂಚು, ಅದರ ಸುತ್ತ ಖಾಲಿ ಡಬ್ಬಿಗಳು ಬಿದ್ದಿದ್ದರೆ ರಾತ್ರಿ ಅಲ್ಲಿ ಜನ ಸೇರುತ್ತಾರೆ ಅಂತಲೇ ಅರ್ಥ, ಇನ್ನೂರು ಮೀಟರ್ ಮುಂದೆ ಹೋಗಿ.

ಲಾಕ್‌ನ ಪ್ಯಾಡಲ್ ತಿರುಗಿಸುವ ವಿಂಡ್ಲಾಸ್, ಚುಕ್ಕಾಣಿಯ ಹಿಡಿಯಾದ ಟಿಲ್ಲರ್, ಅದರ ಪಿನ್ ಎಲ್ಲ ಒಳಗೆ ಬರಲಿ. ಸೈಕಲ್‌ಗೆ ಬೀಗ. ಕತ್ತಲಾದ ಕೂಡಲೇ ಟೋಪಾತ್ ಕಡೆಯ ಪರದೆ ಎಳೆಯಿರಿ.

ಕಟ್ಟಿದ ತಕ್ಷಣ ಹತ್ತಿರದ ಸೇತುವೆಯ ಸಂಖ್ಯೆ ಬರೆದು ಬಾಗಿಲ ಹತ್ತಿರ ಅಂಟಿಸಿ. ಹೆಚ್ಚಿನ ಸೇತುವೆಗಳಿಗೆ ಸಂಖ್ಯೆಯ ಫಲಕ ಇದೆ. ರಾತ್ರಿ 999ಕ್ಕೆ (ಅಲ್ಲಿನ ತುರ್ತು ಸೇವೆಯ ಸಂಖ್ಯೆ) ಫೋನ್ ಮಾಡಬೇಕಾದರೆ ರಸ್ತೆಯ ಹೆಸರು ಇರುವುದಿಲ್ಲ. ಕಾಲುವೆಯ ಹೆಸರು, ಸೇತುವೆ ಸಂಖ್ಯೆ, ಹತ್ತಿರದ ಹಳ್ಳಿ ಹೇಳಬೇಕು.

ಮಕ್ಕಳ ಮಟ್ಟಿಗೆ ನನಗೆ ಹೆಚ್ಚು ಚಿಂತೆ ಟೋಪಾತ್‌ನದು. ಬಾಗಿಲಿಂದ ಹಾರಿ ಇಳಿದರೆ ನೇರ ಸೈಕಲ್ ದಾರಿಗೇ. "ನಿಲ್ಲು, ನೋಡು, ಇಳಿ" ಅನ್ನುವ ಕ್ರಮ ಮೊದಲ ದಿನವೇ ರೂಢಿಯಾಗಲಿ. ನೀರಿನ ಕಡೆಯ ಬಾಗಿಲಿಗೆ ಒಳಗಿನಿಂದ ಚಿಲಕ. ದೋಣಿ ಕಟ್ಟಿದ್ದರೂ ಹೊರಗಿರುವಷ್ಟು ಹೊತ್ತು ಲೈಫ್ ಜಾಕೆಟ್ ತೆಗೆಯಬಾರದು. ದೋಣಿಗೂ ದಡಕ್ಕೂ ನಡುವಿನ ಸಂದಿಗೆ ಬಿದ್ದವರನ್ನು ಎತ್ತುವುದು ಎಲ್ಲಕ್ಕಿಂತ ಕಷ್ಟ. ಆಗ ದೋಣಿಯನ್ನು ಕಾಲಿನಿಂದ ಆಚೆ ತಳ್ಳಿ ಹಿಡಿಯುವುದು ಒಬ್ಬರ ಕೆಲಸ, ಎತ್ತುವುದು ಇನ್ನೊಬ್ಬರದು.

ಹೊಸಪಯಣಿಗ
ಇಷ್ಟು ಓದಿದ ಮೇಲೆ ಏಳು ದಿನದಲ್ಲಿ ಪೂರ್ತಿ ರಿಂಗ್ ಕೈಬಿಟ್ಟೆವು. ಗ್ರೇಟ್ ಹೇವುಡ್‌ನಿಂದ ಮಾರ್ಕೆಟ್ ಡ್ರೇಟನ್‌ಗೆ ಹೋಗಿ ಅದೇ ದಾರಿಯಲ್ಲಿ ವಾಪಸ್. ರಾತ್ರಿಗಳು: 1 ಟಿಕ್ಸಾಲ್ ವೈಡ್, 2 ಪೆಂಕ್ರಿಜ್, 3 ವೀಟನ್ ಆಸ್ಟನ್, 4 ಮಾರ್ಕೆಟ್ ಡ್ರೇಟನ್, 5 ನಾರ್ಬರಿ ಹತ್ತಿರ, 6 ಬ್ರೂಡ್, 7 ಮತ್ತೆ ಟಿಕ್ಸಾಲ್ ವೈಡ್. ಹೇಗಿದೆ?

ನೀರದಾರಿ
ಒಳ್ಳೆಯ ನಿರ್ಧಾರ. ಹೋಗಿ ಬರಲು ಸುಮಾರು 40 ಗಂಟೆ, ದಿನಕ್ಕೆ ಆರೇಳು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಕೊನೆಯ ದಿನ ಹೊಂದುವುದಿಲ್ಲ. ಬ್ರೂಡ್‌ನಿಂದ ಟಿಕ್ಸಾಲ್‌ಗೆ ಆಥರ್ಲಿ ಸುತ್ತಿ ಬರಬೇಕು, ಗೇಲಿಯಿಂದ ಕೆಳಗೆ ಲಾಕ್‌ಗಳೂ ಇವೆ, ಒಂದೇ ದಿನಕ್ಕೆ ಹತ್ತು ಗಂಟೆ ದಾಟುತ್ತದೆ. ಐದನೆಯ ರಾತ್ರಿಯನ್ನು ನಾರ್ಬರಿಯ ಬದಲು ವೀಟನ್ ಆಸ್ಟನ್ ಕಡೆಗೆ ಎಳೆಯಿರಿ, ಆರನೆಯದು ಪೆಂಕ್ರಿಜ್ ಆಗಲಿ. ನಾರ್ಬರಿಯನ್ನು ಹೋಗುವಾಗ ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ, ನೀರೂ ಅಲ್ಲೇ ತುಂಬಿಸಬಹುದು.

ಮೌನತೀರ
ಪೆಂಕ್ರಿಜ್‌ನಲ್ಲಿ ಹೆದ್ದಾರಿಯ ಗುಂಯ್‌ಗುಡುವಿಕೆ ಪೂರ್ತಿ ತಪ್ಪುವುದಿಲ್ಲ, ಗಾಳಿ ನೋಡಿ ಹಳ್ಳಿಯ ಯಾವ ಬದಿಗೆ ಕಟ್ಟಬೇಕು ಅಂತ ತೀರ್ಮಾನಿಸಿ. ಗೇಲಿ ದಾಟಿ ಕಾಫ್ ಹೀತ್ ಕಡೆ ಹೋದರೆ ರಾಸಾಯನಿಕ ಕಾರ್ಖಾನೆ ಬರುತ್ತದೆ. ಅಲ್ಲಿ ನಿಲ್ಲಬಾರದೆಂಬ ಫಲಕಗಳಿವೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಕಾಲುವೆಮಿತ್ರ
ಕೊನೆಯ ರಾತ್ರಿಗೆ ಟಿಕ್ಸಾಲ್ ವೈಡ್ ಸರಿಯಾದ ಆಯ್ಕೆ. ಕಾಲುವೆ ಅಲ್ಲಿ ಕೆರೆಯಷ್ಟು ಅಗಲವಾಗುತ್ತದೆ, ಹುಲ್ಲುಗಾವಲಿನ ಆಚೆ ಹಳೆಯ ಗೇಟ್‌ಹೌಸ್ ಕಾಣುತ್ತದೆ, ಅಲ್ಲಿಂದ ಗ್ರೇಟ್ ಹೇವುಡ್ ಜಂಕ್ಷನ್‌ಗೆ ಲಾಕ್ ಇಲ್ಲ. ಬೆಳಗ್ಗೆ ಒಪ್ಪಿಸಲು ಅವಸರ ಬೀಳುವುದಿಲ್ಲ. ಆದರೆ ಇದು ಎಲ್ಲರಿಗೂ ಗೊತ್ತು. ನಿಮ್ಮದು ಶನಿವಾರ ಹೊರಟು ಶನಿವಾರ ಮುಗಿಯುವ ಬಾಡಿಗೆಯಾದರೆ ಎರಡು ಸಲವೂ ವಾರಾಂತ್ಯಕ್ಕೇ ಅಲ್ಲಿರುತ್ತೀರಿ. ಶುಕ್ರವಾರ ಪೆಂಕ್ರಿಜ್‌ನಿಂದ ಬೆಳಗ್ಗೆ ಎಂಟಕ್ಕೇ ಬಿಡಿ. ಟಿಕ್ಸಾಲ್ ಲಾಕ್‌ಗೆ ಬಂದಾಗ ಒಬ್ಬರು ಇಳಿದು ಟೋಪಾತ್‌ನಲ್ಲಿ ಮುಂದೆ ನಡೆದುಹೋಗಿ ಜಾಗ ಇದೆಯಾ ನೋಡಲಿ. ಭರ್ತಿಯಾಗಿದ್ದರೆ ಲಾಕ್ ಇಳಿಯುವ ಮೊದಲೇ, ಕಟ್ಟೆಯ ಕಂಬಗಳಿಂದ ದೂರ ಬಂದು, ಮೇಲಿನ ದಡದಲ್ಲಿ ಗೂಟ ಹೊಡೆದು ನಿಲ್ಲಿ. ಬೆಳಗ್ಗೆ ಒಂದು ಲಾಕ್ ಹೆಚ್ಚಾಗುತ್ತದೆ, ಅರ್ಧ ಗಂಟೆ ಮುಂಚೆ ಎದ್ದರಾಯಿತು.